ಫೋನ್ ಬಾಕ್ಸ್ ಗೋಡೆ ಹತ್ತಿದ ಮೇಲೆ ಟೋನ್ ಇಲ್ಲ: ಇಪಿಎಬಿಎಕ್ಸ್ ಜಾಗ ಬದಲಿಸಿದಾಗ ದೋಷ ಹುಡುಕುವ ಬಗೆ

ಇಪಿಎಬಿಎಕ್ಸ್, ಅಂದರೆ ಕಚೇರಿಯ ಫೋನುಗಳನ್ನು ಒಂದಕ್ಕೊಂದು ಮತ್ತು ಹೊರಗಿನ ಲೈನುಗಳಿಗೆ ಸೇರಿಸುವ ಬಾಕ್ಸ್, ಹೊಸ ಗೋಡೆಯ ಮೇಲೆ ಕೂತಿದೆ. ಕರೆಂಟ್ ಕೊಟ್ಟಾಯ್ತು, ಹಸಿರು ದೀಪವೂ ಹೊತ್ತಿದೆ. ಆದರೆ ಅರ್ಧ ಟೇಬಲ್‌ಗಳ ಫೋನಿನಲ್ಲಿ ಟೋನ್ ಇಲ್ಲ, ಎರಡು ಫೋನಿನಲ್ಲಿ ಗುಂಯ್ ಅಂತ ಶಬ್ದ, ಅಕೌಂಟ್ಸ್‌ಗೆ ಬರಬೇಕಾದ ಕರೆ ಸ್ಟೋರ್ ರೂಮಿನಲ್ಲಿ ರಿಂಗ್ ಆಗುತ್ತಿದೆ. ಎಲ್ಲರೂ ನಿಮ್ಮ ಮುಖ ನೋಡುತ್ತಿದ್ದಾರೆ.

ಈ ಹೊತ್ತಿನಲ್ಲಿ ತಲೆಗೆ ಮೊದಲು ಬರುವ ಯೋಚನೆ "ಬೋರ್ಡ್ ಹೋಯ್ತು" ಅಂತ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಿನ್ನೆ ಸಂಜೆವರೆಗೆ ಸರಿಯಾಗಿ ನಡೆಯುತ್ತಿದ್ದ ಯಂತ್ರ ಇವತ್ತು ಬೆಳಿಗ್ಗೆ ಕೆಟ್ಟಿದ್ದರೆ, ಈ ಮಧ್ಯೆ ಏನು ಬದಲಾಯಿತು ಅಂತ ಕೇಳಿಕೊಳ್ಳಬೇಕು ಅಲ್ವಾ? ವೈರ್ ಕಿತ್ತಿರಿ, ವೈರ್ ಹಾಕಿದಿರಿ, ಬಾಕ್ಸಿನೊಳಗೆ ಫೋನ್ ವೈರುಗಳು ಸೇರುವ ಕಾರ್ಡ್ ಅಲುಗಾಡಿತು, ಗೋಡೆಗೆ ಡ್ರಿಲ್ ಬಿತ್ತು, ಪವರ್ ಹೋಗಿ ಬಂತು. ಕೈ ಎಲ್ಲೆಲ್ಲಿ ಮುಟ್ಟಿತೋ ಅಲ್ಲೇ ಹುಡುಕಿ. ನಾನು ಹತ್ತಾರು ಬಾಕ್ಸ್ ಇಳಿಸಿ ಏರಿಸಿದ್ದೇನೆ. ನಿಜವಾಗಿ ಬೋರ್ಡೇ ಸುಟ್ಟಿದ್ದು ತುಂಬಾ ಕಡಿಮೆ, ಸುಟ್ಟಾಗಲೂ ಅದಕ್ಕೆ ಕಾರಣ ಒಂದು ತಪ್ಪು ಜೋಡಣೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕೈ ಜೋಪಾನ

ಫೋನ್ ವೈರ್ ಮುಟ್ಟಿದರೆ ಏನೂ ಆಗಲ್ಲ ಅಂತ ಸುಮಾರು ಜನ ನಂಬಿದ್ದಾರೆ. ರಿಸೀವರ್ ಕೆಳಗಿಟ್ಟಿರುವಾಗ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ಒಣ ಕೈಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಅದೇ ಕ್ಷಣದಲ್ಲಿ ಹೊರಗಿನಿಂದ ಕರೆ ಬಂದರೆ ಅದರ ಮೇಲೆ 75ರಿಂದ 90 ವೋಲ್ಟ್ ಎಸಿ ರಿಂಗ್ ಏರುತ್ತದೆ. ಏಣಿಯ ಮೇಲೆ ನಿಂತು, ಬೆವರಿದ ಕೈಯಲ್ಲಿ ಜೋಡಿ ವೈರ್ ಹಿಡಿದಿರುವಾಗ ಅದು ಬಡಿದರೆ ಕೈ ಝಾಡಿಸಿ ಹಿಂದಕ್ಕೆ ಬೀಳುತ್ತೀರಿ. ಶಾಕ್‌ಗಿಂತ ಆ ಬೀಳುವಿಕೆಯೇ ದೊಡ್ಡ ಅಪಾಯ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಗೋಡೆಯ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಬಾಕ್ಸ್ ಸತ್ತಿಲ್ಲ. ಅದಕ್ಕೆ ಕರೆಂಟ್ ಮೂರು ಕಡೆಯಿಂದ ಬರುತ್ತದೆ: ಮೇನ್ಸ್‌ನಿಂದ, ಬ್ಯಾಟರಿಯಿಂದ, ಹೊರಗಿನ ಟೆಲಿಫೋನ್ ಲೈನುಗಳಿಂದ. ಮೇನ್ಸ್ ಆಫ್ ಮಾಡಿ, ಪ್ಲಗ್ಗನ್ನೇ ಹೊರಗೆ ಎಳೆಯಿರಿ. ಬ್ಯಾಟರಿಯ ಫ್ಯೂಸ್ ಅಥವಾ ಕನೆಕ್ಟರ್ ಬಿಡಿಸಿ. ಹೊರಗಿನ ಲೈನುಗಳನ್ನು ಎಂಡಿಎಫ್‌ನಲ್ಲೇ, ಅಂದರೆ ವೈರುಗಳೆಲ್ಲ ಬಂದು ಸೇರುವ ಜಾಗದಲ್ಲೇ, ಬೇರ್ಪಡಿಸಿ. ಅರ್ಥ್ ವೈರನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯಿರಿ, ಹಾಕುವಾಗ ಎಲ್ಲಕ್ಕಿಂತ ಮೊದಲು ಹಾಕಿ. ಗುಡುಗು ಇದ್ದರೆ ಆ ದಿನ ಈ ಕೆಲಸವೇ ಬೇಡ.

ಬ್ಯಾಟರಿ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹುಷಾರಾಗಿರಿ. 48 ವೋಲ್ಟ್ ಬ್ಯಾಕಪ್ ಅಂದರೆ 12 ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ ಕೂತಿರುತ್ತವೆ. ಸ್ಪ್ಯಾನರ್ ಅಥವಾ ಉಂಗುರ ಎರಡು ಟರ್ಮಿನಲ್ ನಡುವೆ ಸಿಕ್ಕಿಕೊಂಡರೆ ಲೋಹ ಕೆಂಪಗೆ ಕಾಯುತ್ತದೆ, ಬೆರಳು ಸುಡುತ್ತದೆ. ಉಂಗುರ, ಗಡಿಯಾರ, ಬಳೆ ತೆಗೆದಿಟ್ಟು ಕೆಲಸ ಶುರು ಮಾಡಿ. ಬಿಚ್ಚಿದ ತುದಿಗೆ ತಕ್ಷಣ ಟೇಪ್ ಸುತ್ತಿ. ಪವರ್ ಸಪ್ಲೈ ಡಬ್ಬಿಯನ್ನಂತೂ ತೆರೆಯಲೇಬೇಡಿ, ಒಳಗಿನ ಕೆಪ್ಯಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಹಿಡಿದುಕೊಂಡಿರುತ್ತವೆ.

ಕಾರ್ಡ್ ಕೀಳುವುದಾಗಲಿ ಹಾಕುವುದಾಗಲಿ ಪವರ್ ಆಫ್ ಆದ ಮೇಲೆಯೇ. ಆಂಟಿ ಸ್ಟ್ಯಾಟಿಕ್ ಪಟ್ಟಿ ಇದ್ದರೆ ಕೈಗೆ ಕಟ್ಟಿಕೊಳ್ಳಿ. ಇಲ್ಲದಿದ್ದರೆ ಅರ್ಥ್ ಆಗಿರುವ ಲೋಹವನ್ನು ಮುಟ್ಟಿ, ಆಮೇಲೆ ಕಾರ್ಡಿನ ಅಂಚು ಹಿಡಿಯಿರಿ.

ವ್ಯವಸ್ಥೆಯನ್ನು ಎರಡು ಹೋಳು ಮಾಡಿ

ದೋಷ ಹುಡುಕುವ ಕೆಲಸದಲ್ಲಿ ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದ ಉಪಾಯ ಬೇರೊಂದಿಲ್ಲ. ಎಂಡಿಎಫ್ ಅಂದರೆ ಬಾಕ್ಸಿನಿಂದ ಬಂದ ವೈರುಗಳೂ ಟೇಬಲ್‌ಗಳಿಗೆ ಹೋಗುವ ವೈರುಗಳೂ ಸೇರುವ ಜಾಗ. ಅಲ್ಲಿ ನಿಂತರೆ ಒಂದು ಕಡೆ ಯಂತ್ರ, ಇನ್ನೊಂದು ಕಡೆ ಕಟ್ಟಡದ ವೈರಿಂಗ್. ಟೋನ್ ಇಲ್ಲದ ಎಕ್ಸ್‌ಟೆನ್ಶನ್ (ಬಾಕ್ಸಿನಿಂದ ಹೋದ ಒಳಗಿನ ಫೋನ್) ಒಂದನ್ನು ಆರಿಸಿಕೊಳ್ಳಿ. ಅದರ ಜೋಡಿಯನ್ನು ಎಂಡಿಎಫ್‌ನಲ್ಲಿ ಬೇರ್ಪಡಿಸಿ, ಬಾಕ್ಸ್ ಕಡೆಯ ತುದಿಗೆ ಒಂದು ಒಳ್ಳೆಯ ಸಾದಾ ಫೋನ್ ನೇರವಾಗಿ ಹಾಕಿ. ಟೋನ್ ಬಂತಾ? ಹಾಗಾದರೆ ಯಂತ್ರ ಸರಿಯಿದೆ, ಅದರ ಕಡೆ ತಿರುಗಿ ನೋಡಬೇಡಿ, ದೋಷ ಕೇಬಲ್ಲಿನಲ್ಲೋ ಟೇಬಲ್ ಪಕ್ಕದ ಸಾಕೆಟ್ಟಿನಲ್ಲೋ ಇದೆ. ಬರಲಿಲ್ಲವಾ? ಹಾಗಾದರೆ ಕಟ್ಟಡದ ವೈರಿಂಗ್ ಬಿಡಿ, ಬಾಕ್ಸ್, ಕಾರ್ಡ್, ಬಾಕ್ಸಿನಿಂದ ಎಂಡಿಎಫ್‌ವರೆಗಿನ ಗಿಡ್ಡ ಕೇಬಲ್ ನೋಡಿ. ಎರಡು ನಿಮಿಷದಲ್ಲಿ ಅರ್ಧ ಊಹೆಗಳು ಕಳಚಿ ಬೀಳುತ್ತವೆ. ಇದನ್ನು ಮಾಡದೆ ಟೇಬಲ್ ಕೆಳಗೆ ತೆವಳಿಕೊಂಡು ಒಂದೊಂದೇ ಸಾಕೆಟ್ ಬಿಚ್ಚುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಒಂದು ಎಚ್ಚರಿಕೆ. ಡಿಸ್‌ಪ್ಲೇ ಇರುವ ಕೀ ಫೋನುಗಳು ಸಾಮಾನ್ಯವಾಗಿ ಡಿಜಿಟಲ್ ಪೋರ್ಟಿನಲ್ಲಿ ಮಾತ್ರ ನಡೆಯುತ್ತವೆ, ಸಾದಾ ಫೋನ್ ಸಾದಾ ಪೋರ್ಟಿನಲ್ಲಿ ಮಾತ್ರ. ಎರಡಕ್ಕೂ ಜ್ಯಾಕ್ ಒಂದೇ ಥರ ಇರುತ್ತದೆ, ಅದರಿಂದಲೇ ಗೊಂದಲ. ಡಿಜಿಟಲ್ ಪೋರ್ಟಿಗೆ ಸಾದಾ ಫೋನ್ ಹಾಕಿ "ಟೋನ್ ಇಲ್ಲ, ಕಾರ್ಡ್ ಹೋಗಿದೆ" ಅನ್ನಬೇಡಿ. ಮೊದಲು ಆ ಕಾರ್ಡ್ ಯಾವ ಜಾತಿಯದು ಅಂತ ಕಾರ್ಡಿನ ಮೇಲೆಯೇ ಓದಿ.

ಎಂಡಿಎಫ್‌ವರೆಗೆ ಹೋಗುವ ಮೊದಲೇ, ಕೂತ ಜಾಗದಿಂದ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಸರಿಯಾಗಿರುವ ಒಂದು ಫೋನಿನಿಂದ ಕೆಟ್ಟ ಎಕ್ಸ್‌ಟೆನ್ಶನ್‌ಗೆ ಡಯಲ್ ಮಾಡಿ ಕಿವಿಗೊಟ್ಟು ಕೇಳಿ. ನಿಮಗೆ ರಿಂಗ್ ಹೋಗುವ ಶಬ್ದ ಕೇಳಿಸುತ್ತಿದೆ, ಆದರೆ ಆ ಕಡೆ ಫೋನ್ ಬಡಿಯುತ್ತಿಲ್ಲ ಅಂದರೆ ವೈರ್ ಎಲ್ಲೋ ತುಂಡಾಗಿದೆ, ಇಲ್ಲವೇ ಜೋಡಿ ಬೇರೆ ಕಡೆಗೆ ಹೋಗಿದೆ. ಯಾರೂ ರಿಸೀವರ್ ಎತ್ತದಿದ್ದರೂ ಸದಾ ಬ್ಯುಸಿ ಬರುತ್ತಿದ್ದರೆ ಎರಡು ವೈರ್ ಎಲ್ಲೋ ಮುಟ್ಟಿಕೊಂಡಿವೆ. ಶಾರ್ಟ್ ಆದ ಜೋಡಿ ಬಾಕ್ಸ್‌ಗೆ ರಿಸೀವರ್ ಎತ್ತಿಟ್ಟ ಹಾಗೆಯೇ ಕಾಣಿಸುತ್ತದೆ, ಅದಕ್ಕೇ ಬ್ಯುಸಿ.

ಮಲ್ಟಿಮೀಟರ್ ಹೇಳುವ ಮಾತು

ಸಾದಾ ಫೋನಿನ ಜೋಡಿಯ ಮೇಲೆ ಡಿಸಿ ವೋಲ್ಟ್ ಅಳೆಯಿರಿ. ರಿಸೀವರ್ ಕೆಳಗಿರುವಾಗ 48ರ ಆಸುಪಾಸು ಇರಬೇಕು, ಕೆಲವು ಚಿಕ್ಕ ಬಾಕ್ಸ್‌ಗಳಲ್ಲಿ 24 ಅಥವಾ 30 ಇರುವುದೂ ಉಂಟು. ಸರಿಯಿರುವ ಪಕ್ಕದ ಎಕ್ಸ್‌ಟೆನ್ಶನ್ ಅಳೆದು ಹೋಲಿಸಿದರೆ ಸಾಕು. ರಿಸೀವರ್ ಎತ್ತಿದರೆ ಅದು 5ರಿಂದ 12 ವೋಲ್ಟ್‌ಗೆ ಇಳಿಯುತ್ತದೆ. ಎಂಡಿಎಫ್‌ನಲ್ಲಿ ವೋಲ್ಟ್ ಇದೆ, ಟೇಬಲ್ ಸಾಕೆಟ್ಟಿನಲ್ಲಿ ಸೊನ್ನೆ ಅಂದರೆ ದಾರಿಯಲ್ಲಿ ತುಂಡಾಗಿದೆ. ಎಂಡಿಎಫ್‌ನಲ್ಲೇ ಸೊನ್ನೆ, ಆದರೆ ಟೇಬಲ್ ಕಡೆಯ ವೈರ್ ಕಿತ್ತ ತಕ್ಷಣ 48 ಮೇಲೆದ್ದರೆ ಶಾರ್ಟ್ ಇರುವುದು ಆ ಕಿತ್ತ ಕಡೆಯಲ್ಲಿ.

ಓಮ್ ಅಳೆಯಬೇಕಾದರೆ ಜೋಡಿಯನ್ನು ಬಾಕ್ಸಿನಿಂದ ಬೇರ್ಪಡಿಸಿಯೇ ಅಳೆಯಬೇಕು, ಫೋನನ್ನೂ ಕಿತ್ತಿಡಿ. ಆ ತುದಿಯಲ್ಲಿ ಎರಡು ವೈರ್ ಕೂಡಿಸಿ ಹಿಡಿಯಲು ಒಬ್ಬರಿಗೆ ಹೇಳಿ. 0.5 ಮಿಲಿಮೀಟರ್ ತಾಮ್ರದ ವೈರಾದರೆ ಹೋಗಿ ಬರುವ ದಾರಿ ಸೇರಿ 100 ಮೀಟರಿಗೆ ಸುಮಾರು 18 ಓಮ್ ಬರಬೇಕು. 40 ಮೀಟರ್ ದೂರಕ್ಕೆ 90 ಓಮ್ ತೋರಿಸಿದರೆ ಎಲ್ಲೋ ಒಂದು ಜಾಯಿಂಟ್ ಸಡಿಲ ಇದೆ ಅಥವಾ ತುಕ್ಕು ಹಿಡಿದಿದೆ. ಮೆಗ್ಗರ್ (ಹೆಚ್ಚು ವೋಲ್ಟ್ ಹಾಕಿ ವೈರಿನ ಸೋರಿಕೆ ಅಳೆಯುವ ಮೀಟರ್) ಇದ್ದವರು ಅದನ್ನು ಬಾಕ್ಸಿಗೆ ಜೋಡಿಸಿದ ವೈರಿನ ಮೇಲೆ ಯಾವತ್ತೂ ಪ್ರಯೋಗಿಸಬೇಡಿ. 500 ವೋಲ್ಟ್ ನೇರವಾಗಿ ಕಾರ್ಡಿಗೆ ಹೋಗುತ್ತದೆ.

ಎಂಟು ಫೋನ್ ಒಟ್ಟಿಗೆ ಸತ್ತರೆ

ದೋಷದ ಆಕಾರ ನೋಡಿ. ಚೆಲ್ಲಾಪಿಲ್ಲಿಯಾಗಿ ಅಲ್ಲೊಂದು ಇಲ್ಲೊಂದು ಕೆಟ್ಟಿದ್ದರೆ ಅದು ಕೈಯಲ್ಲಿ ಹಾಕಿದ ಜಾಯಿಂಟ್‌ಗಳ ತಪ್ಪು. ಸಾಲಾಗಿ 8 ಅಥವಾ 16 ಕೆಟ್ಟಿದ್ದರೆ ಒಂದು ಕಾರ್ಡ್. ಸಾಲಾಗಿ 10 ಕೆಟ್ಟಿದ್ದರೆ ಒಂದು ಕ್ರೋನ್ ಮಾಡ್ಯೂಲ್ (ಎಂಡಿಎಫ್‌ನಲ್ಲಿ ವೈರುಗಳನ್ನು ಒತ್ತಿ ಕೂರಿಸುವ ಪಟ್ಟಿ), ಯಾಕೆಂದರೆ ಒಂದು ಮಾಡ್ಯೂಲಿಗೆ 10 ಜೋಡಿ. ಎಷ್ಟು ಕೆಟ್ಟಿವೆ ಅನ್ನುವ ಲೆಕ್ಕವೇ ಎಲ್ಲಿ ಕೆಟ್ಟಿದೆ ಅಂತ ಹೇಳಿಬಿಡುತ್ತದೆ.

ಒಂದು ಕಡೆ ನನಗೆ ಇಡೀ ಒಂದು ದಿನ ತಿಂದ ದೋಷ ಇದೇ ಜಾತಿಯದು. ಹಳೆಯ ಬಾಕ್ಸನ್ನು ಮೇಜಿನಿಂದ ಎತ್ತಿ ಹಿಂದಿನ ಕೋಣೆಯ ಗೋಡೆಗೆ ಹಾಕಿದ್ದೆವು. ಎಂಟು ಫೋನ್ ಸತ್ತವು. ಎಂಡಿಎಫ್‌ನಲ್ಲಿ ನೋಡಿದರೆ ಬಾಕ್ಸ್ ಕಡೆಯಿಂದಲೇ ವೋಲ್ಟ್ ಇಲ್ಲ. ಪವರ್ ಆಫ್ ಮಾಡಿ ಮುಚ್ಚಳ ತೆಗೆದು, ಕಾರ್ಡ್ ಹೊರಗೆಳೆದು ಮತ್ತೆ ಕೂರಿಸಿದೆ. ಎಂಟೂ ಬಂದವು. ಮುಚ್ಚಳ ಹಾಕಿದೆವು, ಕೆಳಗಿನ ಸ್ಕ್ರೂ ಬಿಗಿ ಮಾಡಿದೆವು, ಪವರ್ ಕೊಟ್ಟರೆ ಮತ್ತೆ ಎಂಟೂ ಇಲ್ಲ. ಮತ್ತೆ ತೆಗೆದೆ, ಬಂದವು. ಮತ್ತೆ ಹಾಕಿದೆ, ಹೋದವು. ಮಧ್ಯಾಹ್ನದವರೆಗೆ ಇದೇ ನಡೆಯಿತು. ಕಾರ್ಡನ್ನು ಪಕ್ಕದ ಸ್ಲಾಟಿಗೆ ಬದಲಿಸಿ ನೋಡಿದೆ, ಕಾರ್ಡ್ ಸರಿಯಾಗಿತ್ತು. ಕೊನೆಗೆ ಬಾಕ್ಸಿನ ಬೆನ್ನಿಗೆ ಒಂದು ಅಳತೆಪಟ್ಟಿ ಒರಗಿಸಿ ನೋಡಿದಾಗ ಗೊತ್ತಾಯಿತು. ಗೋಡೆಯ ಗಾರೆ ಮಧ್ಯದಲ್ಲಿ ಉಬ್ಬಿತ್ತು. ನಾಲ್ಕು ಮೂಲೆಯ ಸ್ಕ್ರೂ ಪೂರ್ತಿ ಬಿಗಿ ಮಾಡಿದಾಗ ಪ್ಲಾಸ್ಟಿಕ್ ಬಾಕ್ಸ್ ಆ ಉಬ್ಬಿನ ಮೇಲೆ ಸೊಟ್ಟಗೆ ಬಾಗುತ್ತಿತ್ತು, ಬಾಗಿದಾಗ ಒಂದು ಕಾರ್ಡಿನ ಕನೆಕ್ಟರ್ ಒಂದು ಎಳೆಯಷ್ಟು ಮೇಲೆದ್ದು ಸಂಪರ್ಕ ಬಿಡುತ್ತಿತ್ತು. ಒಂದು ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿದೆ, ಎಂಟೂ ಫೋನ್ ನಿಂತುಕೊಂಡವು. ಮಾರನೇ ದಿನ ಬಾಕ್ಸ್ ಇಳಿಸಿ, ಗೋಡೆಗೆ ಮೊದಲು 18 ಮಿಲಿಮೀಟರ್ ಪ್ಲೈವುಡ್ ಹಲಗೆ ಹಾಕಿ, ಅದನ್ನು ಸಮ ಮಾಡಿ, ಅದರ ಮೇಲೆ ಬಾಕ್ಸ್ ಕೂರಿಸಿದೆವು. ಅಂದಿನಿಂದ ಹಲಗೆ ಇಲ್ಲದೆ ನಾನು ಯಾವ ಬಾಕ್ಸನ್ನೂ ಗೋಡೆಗೆ ಹಾಕಿಲ್ಲ.

ಹಲಗೆಯಿಂದ ಬೇರೆ ಲಾಭಗಳೂ ಇವೆ. ಹಲಗೆಯನ್ನು ಆರು ಕಡೆ ಪ್ಲಗ್ ಹಾಕಿ ಬಿಗಿ ಮಾಡಬಹುದು, ತೂಕ ಹಂಚಿಹೋಗುತ್ತದೆ. ಜಿಪ್ಸಮ್ ಬೋರ್ಡ್ ಗೋಡೆಯಾದರೆ ಒಳಗಿನ ಚೌಕಟ್ಟಿನ ಕಂಬಿಗಳಿಗೆ ಹಲಗೆ ಹಿಡಿಸಿ, ಬರೀ ಬೋರ್ಡಿನ ಮೇಲೆ ಭಾರ ಹಾಕಿದರೆ ಒಂದು ದಿನ ಕಿತ್ತುಕೊಂಡು ಬರುತ್ತದೆ. ಕ್ರೋನ್ ಮಾಡ್ಯೂಲ್, ಕೇಬಲ್ ಕ್ಲಿಪ್ ಎಲ್ಲವನ್ನೂ ಅದೇ ಹಲಗೆಗೆ ಹೊಡೆಯಬಹುದು, ಮತ್ತೆ ಮತ್ತೆ ಗೋಡೆ ಕೊರೆಯುವ ಕೆಲಸ ಇಲ್ಲ. ಬ್ಯಾಟರಿಗಳನ್ನು ಮಾತ್ರ ಹಲಗೆಗೆ ನೇತುಹಾಕಬೇಡಿ. 12 ವೋಲ್ಟ್ 7 ಆಂಪಿಯರ್ ಅವರ್‌ನ ಒಂದು ಬ್ಯಾಟರಿಯೇ ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ, ನಾಲ್ಕು ಸೇರಿದರೆ ಹತ್ತು ಕಿಲೋ ಹತ್ತಿರ. ಅವು ನೆಲದ ಮೇಲೋ ಗಟ್ಟಿ ಶೆಲ್ಫಿನ ಮೇಲೋ ಗಾಳಿ ಆಡುವ ಕಡೆ ಇರಲಿ.

ಗುಂಯ್ ಶಬ್ದ, ಕರಕರ, ಪಕ್ಕದವರ ಮಾತು

ಈ ಮೂರೂ ಬೇರೆ ಬೇರೆ ದೋಷಗಳು, "ಲೈನಿನಲ್ಲಿ ಡಿಸ್ಟರ್ಬೆನ್ಸ್" ಅಂತ ಒಂದೇ ಹೆಸರಲ್ಲಿ ಕರೆಯುವುದರಿಂದಲೇ ಹುಡುಕುವುದು ಕಷ್ಟವಾಗುತ್ತದೆ.

ಕರಕರ ಅಂದರೆ ಸಡಿಲ ಸಂಪರ್ಕ ಅಥವಾ ತೇವ. ವೈರ್ ಅಲುಗಾಡಿಸಿದಾಗ ಶಬ್ದ ಹೆಚ್ಚು ಕಡಿಮೆ ಆದರೆ ಅಲ್ಲೇ ಇದೆ. ಕ್ರೋನ್ ಸ್ಲಾಟಿನೊಳಗೆ ವೈರನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿದ್ದರೆ ಬಹುಪಾಲು ಇದೇ ಆಗುತ್ತದೆ, ಯಾಕೆಂದರೆ ಸ್ಕ್ರೂಡ್ರೈವರ್ ಒಳಗಿನ ತಗಡನ್ನು ಅಗಲಿಸಿಬಿಡುತ್ತದೆ, ಆಮೇಲೆ ಆ ಸ್ಲಾಟ್ ಯಾವ ವೈರನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಕ್ರೋನ್ ಟೂಲೇ ಬೇಕು. ಅದರ ಕತ್ತರಿ ಇರುವ ಕಡೆ ವೈರಿನ ತುದಿಯತ್ತ ಇರಬೇಕು, ತಿರುಗಿಸಿ ಹಿಡಿದರೆ ಬೇಕಾದ ವೈರೇ ತುಂಡಾಗುತ್ತದೆ. ವೈರಿನ ಪ್ಲಾಸ್ಟಿಕ್ ಸುಲಿಯಬೇಡಿ, ತಗಡೇ ಅದನ್ನು ಸೀಳಿಕೊಂಡು ತಾಮ್ರ ಮುಟ್ಟುತ್ತದೆ. ಎಳೆಎಳೆಯಾಗಿರುವ ಚಪ್ಪಟೆ ಫೋನ್ ವೈರನ್ನು ಕ್ರೋನ್‌ಗೆ ಒತ್ತಬೇಡಿ, ಇವತ್ತು ನಡೆದರೂ ಆಮೇಲೆ ಕೈ ಕೊಡುತ್ತದೆ. ಒಂದೇ ಸ್ಲಾಟಿಗೆ ಎರಡು ವೈರ್ ತುರುಕುವುದೂ ಅಷ್ಟೇ.

ಗುಂಯ್ ಅನ್ನುವ ಒಂದೇ ಸಮನೆ ಶಬ್ದ ಮೇನ್ಸ್ ಕರೆಂಟಿನದು. ಜೋಡಿಯ ಎರಡು ವೈರುಗಳಲ್ಲಿ ಒಂದು ಎಲ್ಲೋ ಅರ್ಥ್ ಮುಟ್ಟಿದೆ, ಇಲ್ಲವೇ ಕೇಬಲ್ ಪವರ್ ವೈರಿನ ಪಕ್ಕದಲ್ಲೇ ಉದ್ದಕ್ಕೂ ಓಡಿದೆ. ಜೋಡಿಯನ್ನು ಎರಡೂ ಕಡೆ ಬೇರ್ಪಡಿಸಿ, ಒಂದೊಂದು ವೈರಿನಿಂದಲೂ ಅರ್ಥ್‌ಗೆ ಓಮ್ ಅಳೆಯಿರಿ. ಎರಡೂ ತೆರೆದೇ ಇರಬೇಕು. ಒಂದರಲ್ಲಿ ಓದು ಬಂದರೆ ಸಿಕ್ಕಿತು. ಗೋಡೆಗೆ ಹಾಕಿದ ಹೊಸ ಸ್ಕ್ರೂ, ಕೇಬಲ್ ಮೇಲೆ ಹೊಡೆದ ಮೊಳೆ, ಲೋಹದ ಬಾಕ್ಸಿನ ಚೂಪು ಅಂಚಿನಲ್ಲಿ ಉಜ್ಜಿದ ವೈರ್, ಇವನ್ನು ಮೊದಲು ನೋಡಿ. ಎಲ್ಲ ಫೋನುಗಳಲ್ಲೂ ಗುಂಯ್ ಇದ್ದರೆ ಒಂದೊಂದು ಜೋಡಿ ಅಳೆಯುತ್ತಾ ಕೂರಬೇಡಿ, ಬಾಕ್ಸಿನ ಅರ್ಥ್ ವೈರ್ ಹೊಸ ಜಾಗದಲ್ಲಿ ಹಾಕಿದ್ದೀರಾ ಅಂತ ನೋಡಿ. ಜಾಗ ಬದಲಿಸುವಾಗ ಅದೊಂದು ಹಸಿರು ವೈರ್ ಹಳೆಯ ಗೋಡೆಯಲ್ಲೇ ಉಳಿದುಬಿಡುವುದು ಮಾಮೂಲು. ಅದು ಬರೀ ಶಬ್ದದ ವಿಷಯವೂ ಅಲ್ಲ, ಸಿಡಿಲಿನ ಹೊಡೆತ ಬಂದಾಗ ಕಾರ್ಡುಗಳನ್ನು ಕಾಯುವುದು ಆ ವೈರೇ. ಅರ್ಥ್ ಇಲ್ಲದೆ ಬಾಕ್ಸನ್ನು ಒಂದು ರಾತ್ರಿಯೂ ಬಿಡಬೇಡಿ.

ಪಕ್ಕದವರ ಮಾತು ಕೇಳಿಸುವುದು ಜೋಡಿ ಒಡೆದದ್ದರಿಂದ. ಒಂದು ಫೋನಿಗೆ ನೀಲಿ ಜೋಡಿಯ ಒಂದು ವೈರ್, ಕಿತ್ತಳೆ ಜೋಡಿಯ ಒಂದು ವೈರ್ ಹೋಗಿರುತ್ತದೆ. ಮೀಟರ್ ಹಿಡಿದರೆ ಎಲ್ಲ ಸರಿ, ಟೋನೂ ಬರುತ್ತದೆ, ಡಯಲೂ ಆಗುತ್ತದೆ. ಆದರೆ ಹೆಣೆದುಕೊಂಡಿರುವ ಎರಡು ವೈರುಗಳು ಒಂದೇ ಮಾತನ್ನು ಹೊತ್ತಾಗ ಮಾತ್ರ ಹೊರಗಿನ ಶಬ್ದ ಕಳೆದುಹೋಗುತ್ತದೆ, ಹೆಣಿಗೆ ಬೇರೆಯಾದರೆ ಪಕ್ಕದ ಮಾತು ನುಗ್ಗುತ್ತದೆ. ಇದನ್ನು ಕಣ್ಣಿನಿಂದ ಬಣ್ಣ ನೋಡಿಯೇ ಹಿಡಿಯಬೇಕು. ಬಿಳಿ ವೈರಿನ ಜೊತೆ ಕ್ರಮವಾಗಿ ನೀಲಿ, ಕಿತ್ತಳೆ, ಹಸಿರು, ಕಂದು, ಬೂದಿ. ಐದು ಮುಗಿದ ಮೇಲೆ ಕೆಂಪಿನ ಜೊತೆ ಮತ್ತೆ ಅದೇ ಐದು. ಇದನ್ನು ಬಾಯಿಪಾಠ ಮಾಡಿಕೊಂಡರೆ ಕೆಲಸ ಅರ್ಧ ಹಗುರ.

ನಂಬರ್ ಅದಲು ಬದಲು

ಎರಡೇ ನಂಬರ್ ಅದಲು ಬದಲಾಗಿದ್ದರೆ ಎರಡು ಜೋಡಿ ಬದಲಿಸಿ, ಮುಗಿಯಿತು. ಎಲ್ಲವೂ ಒಂದೊಂದು ಮನೆ ಮುಂದೆ ಸರಿದಿದ್ದರೆ ಮಾಡ್ಯೂಲಿನ ನಂಬರ್ ನೋಡಿ. ಕೆಲವು ಮಾಡ್ಯೂಲ್ 0ರಿಂದ 9, ಕೆಲವು 1ರಿಂದ ಶುರುವಾಗಿ ಕೊನೆಗೆ 0. ಹಳೆಯದು ಒಂದು ಥರ, ಹೊಸದು ಇನ್ನೊಂದು ಥರ ಇದ್ದರೆ ಹೀಗೆಯೇ ಆಗುವುದು. ಕೈಗೆ ಸಿಕ್ಕ ಹಾಗೆ ಸಾಫ್ಟ್‌ವೇರಿನಲ್ಲಿ ನಂಬರ್ ಬದಲಿಸಿ ಮುಚ್ಚಿಹಾಕಬೇಡಿ, ಮುಂದೆ ಯಾರಿಗೂ ಅರ್ಥವಾಗದ ಗಂಟಾಗುತ್ತದೆ.

ಒಂದು ರಿಂಗ್ ಆಗಿ ಕಟ್

ಫೋನ್ ಅರ್ಧ ರಿಂಗ್ ಆಗಿ ನಿಲ್ಲುತ್ತದೆ, ಯಾರೂ ಎತ್ತದಿದ್ದರೂ ಕರೆ ಸೇರಿದ ಹಾಗೆ ಆಗುತ್ತದೆ. ಇದು ವಿಚಿತ್ರ ಅನ್ನಿಸಿದರೂ ಕಾರಣ ಸರಳ. ರಿಸೀವರ್ ಎತ್ತಿದಾಗ ಲೈನಿನಲ್ಲಿ ಡಿಸಿ ಹರಿಯುತ್ತದೆ, ಅದನ್ನು ನೋಡಿಯೇ ಬಾಕ್ಸ್ ರಿಂಗ್ ನಿಲ್ಲಿಸುತ್ತದೆ. ಕೇಬಲ್ ಒಳಗೆ ತೇವ ಹೋಗಿ ಎರಡು ವೈರುಗಳ ನಡುವೆ ಸೋರಿಕೆ ಇದ್ದರೆ ಬಾಕ್ಸ್ ಮೋಸ ಹೋಗುತ್ತದೆ. ಹೊಸ ದಾರಿಯಲ್ಲಿ ಕೇಬಲ್ ಎಲ್ಲಿ ಒದ್ದೆ ಗೋಡೆ ದಾಟಿದೆ, ಎಲ್ಲಿ ಜಾಯಿಂಟ್ ತೆರೆದಿದೆ ಅಂತ ಹುಡುಕಿ. ಬಚ್ಚಲುಮನೆಯ ಹಿಂದಿನ ಗೋಡೆ, ನೀರಿನ ಪೈಪಿನ ಕೆಳಗೆ, ಏರ್ ಕಂಡೀಷನರ್ ನೀರು ತೊಟ್ಟಿಕ್ಕುವ ಜಾಗ, ಇಂಥ ಕಡೆ ಬಾಕ್ಸನ್ನಾಗಲಿ ಜಾಯಿಂಟನ್ನಾಗಲಿ ಇಡಲೇಬಾರದು.

ಕಾರ್ಡ್ ಸುಡುವ ತಪ್ಪು

ಬೋರ್ಡ್ ಸುಡುವುದಕ್ಕೆ ಕಾರಣ ಒಂದು ತಪ್ಪು ಜೋಡಣೆ ಅಂತ ಶುರುವಿನಲ್ಲಿ ಹೇಳಿದ್ದೆನಲ್ಲ, ಅದು ಇದು. ಹೊರಗಿನ ಲೈನನ್ನು ಟ್ರಂಕ್ ಪೋರ್ಟಿಗೆ ಹಾಕಬೇಕು. ಮರೆತು ಎಕ್ಸ್‌ಟೆನ್ಶನ್ ಪೋರ್ಟಿಗೆ ಹಾಕಿದರೆ ಎರಡು ಕಡೆಯಿಂದಲೂ ಕರೆಂಟ್ ನುಗ್ಗುತ್ತದೆ, ಕರೆ ಬಂದಾಗ ರಿಂಗ್ ವೋಲ್ಟೇಜ್ ನೇರವಾಗಿ ಆ ಪೋರ್ಟಿಗೆ ಬಡಿಯುತ್ತದೆ, ಪೋರ್ಟ್ ಸಾಯಬಹುದು. ಕ್ರೋನ್‌ನಲ್ಲಿ ಟ್ರಂಕ್ ಮತ್ತು ಎಕ್ಸ್‌ಟೆನ್ಶನ್ ಮಾಡ್ಯೂಲ್‌ಗಳನ್ನು ಅಕ್ಕಪಕ್ಕ ಹಾಕಿದರೆ ಈ ತಪ್ಪು ಕಾದು ಕೂತಿರುತ್ತದೆ. ಟ್ರಂಕಿಗೆ ಬೇರೆ ಮಾಡ್ಯೂಲ್, ಮೇಲೆ ಕೆಂಪು ಬರಹ, ನಡುವೆ ಒಂದು ಖಾಲಿ ಜಾಗ ಬಿಡಿ. ಫೋನ್ ಮತ್ತು ಕಂಪ್ಯೂಟರ್ ಎರಡೂ ಒಂದೇ ಪ್ಯಾಚ್ ಪ್ಯಾನೆಲ್‌ಗೆ (ಕೇಬಲ್‌ಗಳು ಬಂದು ಸೇರುವ ಸಾಕೆಟ್‌ಗಳ ಸಾಲು) ಬರುವ ಕಡೆ ಇನ್ನೂ ಹುಷಾರು, ಫೋನ್ ಲೈನ್ ನೆಟ್‌ವರ್ಕ್ ಸ್ವಿಚ್ಚಿಗೆ ಹೋದರೆ ಆ ಸ್ವಿಚ್ಚಿನ ಪೋರ್ಟ್ ಸುಡಬಹುದು.

ಟ್ರಂಕ್ ಸರಿಯಾಗಿ ಹಾಕಿದ್ದೀರಿ, ಮಾತು ಚೆನ್ನಾಗಿದೆ, ಆದರೆ ಕರೆ ಮಾಡಿದವರ ನಂಬರ್ ತೋರಿಸುತ್ತಿಲ್ಲ ಅಥವಾ ಕರೆ ಮುಗಿದರೂ ಲೈನ್ ಬಿಡುತ್ತಿಲ್ಲ ಅಂದರೆ ಎರಡು ವೈರ್ ತಿರುವುಮುರುವು ಮಾಡಿ ನೋಡಿ. ಲೈನಿನ ಧನ ಋಣ ಬದಲಾಗುವುದನ್ನು ಗಮನಿಸಿಯೇ ಇವನ್ನು ತಿಳಿಯುವ ಬಾಕ್ಸ್‌ಗಳಿವೆ. ಪಿಆರ್‌ಐ ಲೈನ್ (ಒಂದೇ ಕೇಬಲ್ಲಿನಲ್ಲಿ ಹಲವು ಕರೆ ತರುವ ಡಿಜಿಟಲ್ ಲೈನ್) ಇದ್ದವರು ಕೇಬಲ್ ಮಾತ್ರ ನೋಡಿ ಸಾಕು. ಅದು 1, 2 ಮತ್ತು 4, 5ನೇ ಪಿನ್ ಬಳಸುತ್ತದೆ, ಕ್ರಾಸ್ ಮಾಡಿದ ನೆಟ್‌ವರ್ಕ್ ಕೇಬಲ್ ಸಿಕ್ಕಿತು ಅಂತ ಹಾಕಿದರೆ ಕೆಂಪು ದೀಪ ಆರುವುದಿಲ್ಲ.

ಎಲ್ಲ ಫೋನಿಗೂ ಟೋನ್ ಇದೆ, ಆದರೆ ನಡವಳಿಕೆ ಬೇರೆ

ಎಕ್ಸ್‌ಟೆನ್ಶನ್ ನಂಬರುಗಳೆಲ್ಲ ಫ್ಯಾಕ್ಟರಿಯಿಂದ ಬಂದ ಹಾಗಿವೆ, ಸ್ವಾಗತ ಸಂದೇಶ ಇಲ್ಲ, ಯಾರು ಬೇಕಾದರೂ ಹೊರದೇಶಕ್ಕೆ ಡಯಲ್ ಮಾಡಬಹುದು. ಇದು ವೈರಿಂಗ್ ದೋಷವಲ್ಲ. ಹಳೆಯ ಬಾಕ್ಸ್‌ಗಳು ಪ್ರೋಗ್ರಾಮನ್ನು ಒಂದು ಪುಟ್ಟ ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುತ್ತವೆ. ವರ್ಷಗಟ್ಟಲೆ ಪವರ್ ಹೋಗದೆ ನಡೆದ ಬಾಕ್ಸಿನಲ್ಲಿ ಆ ಸೆಲ್ ಯಾವಾಗಲೋ ಸತ್ತಿರುತ್ತದೆ, ಗೊತ್ತಾಗುವುದು ನೀವು ಪ್ಲಗ್ ಕಿತ್ತ ದಿನವೇ. ಸಿಆರ್ 2032 ಸೆಲ್ ಆದರೆ 3 ವೋಲ್ಟ್ ಇರಬೇಕು, 2.5ಕ್ಕೆ ಇಳಿದಿದ್ದರೆ ಬದಲಿಸಿ. ಕೆಲವು ಬೋರ್ಡುಗಳಲ್ಲಿ ಈ ಸೆಲ್ಲಿಗೆ ಒಂದು ಜಂಪರ್ (ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಪುಟ್ಟ ತುಣುಕು) ಇರುತ್ತದೆ, ಅದು ಆಫ್ ಕಡೆ ಇದ್ದರೆ ಹೊಸ ಸೆಲ್ ಇದ್ದರೂ ಪ್ರಯೋಜನವಿಲ್ಲ.

ಇದಕ್ಕೆ ಮದ್ದು ಮೊದಲೇ ಮಾಡಬೇಕು. ಪವರ್ ತೆಗೆಯುವ ಮುಂಚೆ ಪ್ರೋಗ್ರಾಮಿನ ಬ್ಯಾಕಪ್ ತೆಗೆಯಿರಿ. ಬ್ಯಾಕಪ್ ಸೌಲಭ್ಯ ಇಲ್ಲದ ಚಿಕ್ಕ ಬಾಕ್ಸಾದರೆ ಒಂದು ಕಾಗದದಲ್ಲಿ ಪ್ರತಿ ಎಕ್ಸ್‌ಟೆನ್ಶನ್ ನಂಬರ್, ಪೋರ್ಟ್, ಯಾರ ಟೇಬಲ್, ಯಾವ ಲೈನ್ ಎಲ್ಲಿ ರಿಂಗ್ ಆಗಬೇಕು ಅಂತ ಬರೆಯಿರಿ. ಜೊತೆಗೆ ಪ್ರತಿ ಕಾರ್ಡ್, ಪ್ರತಿ ಮಾಡ್ಯೂಲಿನ ಫೋಟೋ ಹತ್ತಿರದಿಂದ ತೆಗೆಯಿರಿ, ಬಣ್ಣ ಗೊತ್ತಾಗುವಷ್ಟು ಬೆಳಕಿರಲಿ. ಮತ್ತೆ, ಇದನ್ನು ಸುಮಾರು ಜನ ಮಾಡುವುದಿಲ್ಲ, ಕೀಳುವ ಮೊದಲು ಎಲ್ಲ ಫೋನುಗಳಿಂದಲೂ ಒಮ್ಮೆ ಕರೆ ಮಾಡಿ ನೋಡಿ. ಮೊದಲೇ ಸತ್ತಿದ್ದ ಎರಡು ಫೋನಿಗಾಗಿ ಆಮೇಲೆ ಅರ್ಧ ದಿನ ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗೋಡೆಯೇ ಮಾಡುವ ದೋಷಗಳು

ಡ್ರಿಲ್ ಹಿಡಿಯುವ ಮೊದಲು ಗೋಡೆಯೊಳಗೆ ವೈರ್ ಎಲ್ಲಿದೆ ನೋಡಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಪಕ್ಕಕ್ಕೆ ಕೊರೆಯಬೇಡಿ, ವೈರಿನ ಪೈಪುಗಳು ಸಾಮಾನ್ಯವಾಗಿ ಆ ಗೆರೆಗಳಲ್ಲೇ ಹೋಗುತ್ತವೆ. ವೈರ್ ಪತ್ತೆ ಮಾಡುವ ಉಪಕರಣ ಸಿಕ್ಕರೆ ಬಳಸಿ. ಕಣ್ಣಿಗೆ ಕನ್ನಡಕ ಹಾಕಿ. ಕೊರೆಯುವಾಗ ಬಾಕ್ಸ್ ಆ ಕೋಣೆಯಲ್ಲೇ ಇರಬಾರದು, ಇದ್ದರೂ ಮುಚ್ಚಿಡಿ. ಸಿಮೆಂಟ್ ಧೂಳು ಕನೆಕ್ಟರ್ ಒಳಗೆ ಕೂತು ತೇವ ಹೀರಿದರೆ ಆಗಾಗ ಬಂದು ಹೋಗುವ ದೋಷ ಶುರುವಾಗುತ್ತದೆ, ಹುಡುಕಲು ಅದಕ್ಕಿಂತ ಕಷ್ಟದ ದೋಷ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಕರೆಗಳು ಕಟ್ ಆಗುತ್ತವೆ, ಬಾಕ್ಸ್ ತಾನೇ ರೀಸ್ಟಾರ್ಟ್ ಆಗುತ್ತದೆ, ಬೆಳಿಗ್ಗೆ ಏನೂ ಇಲ್ಲ ಅಂದರೆ ಬಿಸಿಯೇ ಕಾರಣ ಇರಬಹುದು. ಕಿಟಕಿಯ ಬಿಸಿಲು ಬಾಕ್ಸ್ ಮೇಲೆ ಬೀಳುತ್ತಿದೆಯಾ, ಗಾಳಿ ಕಿಂಡಿಗಳು ಮುಚ್ಚಿವೆಯಾ ನೋಡಿ. ಕೈಪಿಡಿಯಲ್ಲಿ ಹೇಳಿದ ದಿಕ್ಕಿನಲ್ಲೇ ಬಾಕ್ಸ್ ನಿಲ್ಲಬೇಕು, ಅಡ್ಡ ಮಾಡಿ ಹಾಕಿದರೆ ಬಿಸಿ ಗಾಳಿ ಮೇಲೆ ಹೋಗುವ ದಾರಿ ತಪ್ಪುತ್ತದೆ. ಮೇಲೆ ಕೆಳಗೆ ಒಂದೊಂದು ಗೇಣು ಜಾಗ ಬಿಡಿ. ಎತ್ತರ ಕಣ್ಣಿನ ಮಟ್ಟಕ್ಕೆ, ಸುಮಾರು ಒಂದೂವರೆ ಮೀಟರ್ ಇರಲಿ. ಏಣಿ ಇಲ್ಲದೆ ಕೈಗೆ ಸಿಗುವ ಬಾಕ್ಸನ್ನು ಜನ ಸರಿಯಾಗಿ ನೋಡಿಕೊಳ್ಳುತ್ತಾರೆ.

ಕೊನೆಗೆ ಮಾಡುವ ಪರೀಕ್ಷೆ

ಎಲ್ಲ ಫೋನ್ ಬಂದ ಮೇಲೆ ಪ್ರತಿ ಎಕ್ಸ್‌ಟೆನ್ಶನ್‌ನಿಂದ ಒಂದು ಒಳ ಕರೆ, ಒಂದು ಹೊರ ಕರೆ, ಪ್ರತಿ ಟ್ರಂಕಿಗೂ ಹೊರಗಿನಿಂದ ಒಂದು ಕರೆ ಮಾಡಿ. ಫ್ಯಾಕ್ಸ್, ಲಿಫ್ಟ್ ಒಳಗಿನ ಫೋನ್, ಗೇಟಿನ ಡೋರ್ ಫೋನ್, ಕಳ್ಳರ ಅಲಾರಂ, ಬೆಂಕಿ ಅಲಾರಂ, ಇವೆಲ್ಲ ಇದೇ ಲೈನುಗಳ ಮೇಲೆ ಕೂತಿರುತ್ತವೆ, ಮಾತಾಡುವವರಿಲ್ಲದ ಕಾರಣ ಇವು ಸತ್ತರೂ ಯಾರೂ ದೂರು ಹೇಳುವುದಿಲ್ಲ. ಲಿಫ್ಟಿನ ಫೋನನ್ನು ಒಳಗೆ ನಿಂತು ನೀವೇ ಒತ್ತಿ ನೋಡಿ. ಯಾರೋ ಒಬ್ಬರು ಅದರೊಳಗೆ ಸಿಕ್ಕಿಹಾಕಿಕೊಂಡಾಗ ಗೊತ್ತಾಗುವ ಹಾಗೆ ಆಗಬಾರದು.

ಆಮೇಲೆ ಮೇನ್ಸ್ ಪ್ಲಗ್ ಎಳೆಯಿರಿ. ಬ್ಯಾಟರಿ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಬ್ಯಾಟರಿಯನ್ನೂ ತೆಗೆಯಿರಿ. ಬಹಳಷ್ಟು ಬಾಕ್ಸ್‌ಗಳಲ್ಲಿ ಪವರ್ ಪೂರ್ತಿ ಹೋದಾಗ ಒಂದು ಟ್ರಂಕ್ ಲೈನ್ ತಾನಾಗಿಯೇ ಒಂದು ನಿರ್ದಿಷ್ಟ ಎಕ್ಸ್‌ಟೆನ್ಶನ್‌ಗೆ ನೇರವಾಗಿ ಸೇರಿಕೊಳ್ಳುತ್ತದೆ, ಕತ್ತಲಲ್ಲೂ ಸಹಾಯಕ್ಕೆ ಕರೆ ಮಾಡಲಿ ಅಂತ. ಆ ಪೋರ್ಟ್ ಯಾವುದು ಅಂತ ಕೈಪಿಡಿಯಲ್ಲಿ ನೋಡಿ, ಅದಕ್ಕೆ ಸಾದಾ ಫೋನ್ ಹಾಕಿದ್ದೀರಾ, ಆ ಟ್ರಂಕ್ ಪೋರ್ಟಿನಲ್ಲಿ ನಿಜವಾಗಿ ಲೈನ್ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಜಾಗ ಬದಲಿಸುವಾಗ ಈ ಫೋನ್ ಬೇರೆ ಜೋಡಿಗೆ ಹೋಗಿಬಿಡುತ್ತದೆ, ಮಾಮೂಲು ದಿನಗಳಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಪವರ್ ಇಲ್ಲದೆ ಆ ಫೋನ್ ಎತ್ತಿ ಟೋನ್ ಕೇಳಿ, ಹೊರಗೆ ಒಂದು ಕರೆ ಮಾಡಿ. ಸರಿಯಿದ್ದರೆ ಫೋನಿನ ಮೇಲೆ "ಕರೆಂಟ್ ಹೋದಾಗ ಇದನ್ನು ಬಳಸಿ" ಅಂತ ಬರೆದು ಅಂಟಿಸಿ. ಜೋಡಿಗಳ ಪಟ್ಟಿಯ ಒಂದು ಪ್ರತಿಯನ್ನು ಬಾಕ್ಸಿನ ಮುಚ್ಚಳದ ಒಳಗಡೆ ಅಂಟಿಸಿ, ಬ್ಯಾಟರಿ ಮತ್ತು ಪ್ಲಗ್ ಮತ್ತೆ ಹಾಕಿ.